ಜೇಬಿನೊಳಗಿನ ಚಿತ್ರಶಾಲೆ

2015ರ ಜನವರಿ ತಿಂಗಳು. ಅಮೆರಿಕದ ಯೂಟಾ ಸಂಸ್ಥಾನದಲ್ಲಿ, ಹಿಮ ಮುಸುಕಿದ ಪಾರ್ಕ್ ಸಿಟಿ ಎಂಬ ಊರಿನಲ್ಲಿ ಸನ್‌ಡಾನ್ಸ್ ಚಲಚ್ಚಿತ್ರೋತ್ಸವ ನಡೆದಿತ್ತು. ಅಲ್ಲಿ ಪ್ರದರ್ಶಿತವಾದ 'ಟ್ಯಾಂಜರೀನ್' ಎಂಬ ಚಿತ್ರ, ಲಾಸ್ ಏಂಜಲೀಸ್ ನಗರದ ಬೀದಿಗಳನ್ನು ಕಿತ್ತಳೆಯ ರಸದಲ್ಲಿ ಅದ್ದಿ ತೆಗೆದಂತೆ ತೋರಿಸಿತು. ಅಗಲವಾದ ತೆರೆ, ಓಡುವ ಪಾತ್ರಗಳ ಬೆನ್ನ ಹಿಂದೆಯೇ ಓಡುವ ಕ್ಯಾಮೆರಾ, ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುವಂಥ ದೃಶ್ಯಗಳು! ನೋಡಿದವರಲ್ಲಿ ಅನೇಕರಿಗೆ, ಚಿತ್ರ ಮುಗಿದು ಹೆಸರುಗಳ ಪಟ್ಟಿ ತೆರೆಯ ಮೇಲೆ ಸರಿಯತೊಡಗುವವರೆಗೂ ಅದರ ಗುಟ್ಟು ತಿಳಿದಿರಲಿಲ್ಲ. ಇಡೀ ಚಿತ್ರವನ್ನು ತೆಗೆದದ್ದು ಐಫೋನ್ 5ಎಸ್ ಎಂಬ, ಅಂಗಿಯ ಜೇಬಿನಲ್ಲಿ ಹಿಡಿಯುವ ದೂರವಾಣಿಯಿಂದ.

ನಿರ್ದೇಶಕ ಷಾನ್ ಬೇಕರ್ ಹೊಸಬರೇನೂ ಅಲ್ಲ. ಅದಕ್ಕೆ ಮೊದಲೇ ನಾಲ್ಕು ಚಿತ್ರಗಳನ್ನು ತೆಗೆದಿದ್ದರು. ಆದರೂ ಈ ಚಿತ್ರಕ್ಕೆ ಅವರ ಕೈಗೆ ಬಂದದ್ದು ಸುಮಾರು ಒಂದು ಲಕ್ಷ ಡಾಲರು. ನಮ್ಮ ಲೆಕ್ಕಕ್ಕೆ ದೊಡ್ಡ ಮೊತ್ತವಾಗಿ ಕಂಡರೂ, ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಟರಿಗೂ ಸ್ಥಳಗಳಿಗೂ ಹಣ ತೆಗೆದಿಟ್ಟ ಮೇಲೆ ಒಳ್ಳೆಯ ಕ್ಯಾಮೆರಾಕ್ಕೆ ಏನೂ ಉಳಿಯಲಿಲ್ಲ. ಆಗ ಅವರು ಮೊಬೈಲಿನತ್ತ ತಿರುಗಿದರು. ಅದು ಆಯ್ಕೆಯಾಗಿರಲಿಲ್ಲ, ನಿರುಪಾಯವಾಗಿತ್ತು. ಆ ನಿರುಪಾಯದಿಂದಲೇ ಚಿತ್ರದ ಜೀವ ಹುಟ್ಟಿತೆಂಬುದು ಗಮನಿಸಬೇಕಾದ ಸಂಗತಿ.

ಚಿತ್ರದ ಕಥೆ ಕ್ರಿಸ್‌ಮಸ್ಸಿನ ಹಿಂದಿನ ದಿನ ನಡೆಯುತ್ತದೆ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಇಬ್ಬರು ಗೆಳತಿಯರು. ಒಬ್ಬಳು 28 ದಿನದ ಸೆರೆವಾಸ ಮುಗಿಸಿ ಬಂದವಳು, ತನಗೆ ದ್ರೋಹ ಬಗೆದ ಪ್ರಿಯಕರನನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತಾಳೆ. ಈ ಪಾತ್ರಗಳನ್ನು ವಹಿಸಿದ ಕಿಟಾನಾ ಕಿಕಿ ರಾಡ್ರಿಗಸ್ ಮತ್ತು ಮಾಯಾ ಟೇಲರ್ ಆ ಸಮುದಾಯಕ್ಕೇ ಸೇರಿದವರು. ಚಿತ್ರಲೋಕದ ಪರಿಚಯ ಅಷ್ಟಾಗಿ ಇಲ್ಲದವರು. ಹಾಲಿವುಡ್ ಪ್ರದೇಶದಲ್ಲಿ ಆ ಸಮುದಾಯದವರು ಸೇರುವ ಕೇಂದ್ರವೊಂದರಲ್ಲಿ ಬೇಕರ್ ಅವರಿಗೆ ಟೇಲರ್ ಭೇಟಿಯಾದರು. ತಮ್ಮ ಜನರ ಬದುಕಿನ ಕಟುಸತ್ಯವನ್ನು ಮುಚ್ಚಿಡಕೂಡದು, ಆದರೆ ಚಿತ್ರದಲ್ಲಿ ನಗುವೂ ಇರಬೇಕು ಎಂದು ಆಕೆ ಷರತ್ತು ಹಾಕಿದರಂತೆ. ಹೊಸ ನಟರ ಮುಂದೆ ಭಾರಿ ಕ್ಯಾಮೆರಾವನ್ನು ತಂದು ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಓದುಗರು ಬಲ್ಲರು. ಮದುವೆಯ ಮನೆಯಲ್ಲಿ ವೀಡಿಯೋದವನ ದೀಪ ಹತ್ತಿದೊಡನೆ ಹರಟುತ್ತಿದ್ದ ಹೆಂಗಸರೆಲ್ಲ ಕಂಬಗಳಂತೆ ಬಿಗಿದುಕೊಳ್ಳುವುದಿಲ್ಲವೇ? ಮೊಬೈಲು ಅಂಥ ಭಯ ಹುಟ್ಟಿಸಲಿಲ್ಲ. ಅದು ನಟರ ಕೈಯಲ್ಲೂ ಇದ್ದ ವಸ್ತು; ಬೀದಿಯಲ್ಲಿ ಹೋಗುತ್ತಿದ್ದವರ ಕೈಯಲ್ಲೂ ಇದ್ದ ವಸ್ತು. 2016ರಲ್ಲಿ ಮಾಯಾ ಟೇಲರ್ ಅವರಿಗೆ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಯ ಪೋಷಕ ನಟಿಯ ಗೌರವ ದೊರೆಯಿತು. ಲಕ್ಷಾಂತರ ಡಾಲರಿನ ಯಂತ್ರ ಎದುರಿಗಿದ್ದಿದ್ದರೆ ಆ ಅಭಿನಯ ಹಾಗೆಯೇ ಬರುತ್ತಿತ್ತೇ ಎಂಬುದು ಸಂಶಯ.

ಬೇಕರ್ ಬಳಗದ ಉಪಕರಣಗಳು ಇಷ್ಟೇ: ಮೂರು ಫೋನುಗಳು, ಕೈ ನಡುಗದಂತೆ ಫೋನನ್ನು ತೂಗಿ ಹಿಡಿಯುವ ಒಂದು ಪುಟ್ಟ ಸಲಕರಣೆ, ಬೆಳಕನ್ನೂ ನಾಭಿಯನ್ನೂ ಬೇಕಾದಲ್ಲಿ ಕಟ್ಟಿಹಾಕುವ 'ಫಿಲ್ಮಿಕ್ ಪ್ರೋ' ಎಂಬ ತಂತ್ರಾಂಶ, ಮತ್ತು ಫೋನಿನ ಕಣ್ಣಿನ ಮುಂದೆ ಸಿಕ್ಕಿಸುವ ಅನಮಾರ್ಫಿಕ್ ಮಸೂರ. ಈ ಕೊನೆಯದು ಅಗಲವಾದ ನೋಟವನ್ನು ಎರಡು ಪಕ್ಕಗಳಿಂದ ಒತ್ತಿ ಕಿರಿದುಮಾಡಿ ಸೆರೆಹಿಡಿಯುತ್ತದೆ; ಬಳಿಕ ಅದನ್ನು ಮತ್ತೆ ಹಿಗ್ಗಿಸಿದರೆ ಚಿತ್ರಮಂದಿರದ ಅಗಲ ತೆರೆಗೆ ಒಪ್ಪುವ ಚಿತ್ರ ದೊರೆಯುತ್ತದೆ. ಚಲಿಸುವ ದೃಶ್ಯಗಳಿಗಾಗಿ ಬೇಕರ್ ಒಂದು ಕೈಯಲ್ಲಿ ಫೋನು ಹಿಡಿದು ಸೈಕಲ್ಲನ್ನೇರಿ ನಟಿಯರ ಸುತ್ತ ಸುತ್ತಿದರು. ಬಡವರ ಕಥೆಗೆ ಬಣ್ಣಗೆಟ್ಟ ಚಿತ್ರವೇ ತಕ್ಕುದೆಂಬುದು ರೂಢಿ. ಅವರು ಅದನ್ನು ಬಿಟ್ಟು, ಸಂಕಲನದ ವೇಳೆಗೆ ಬಣ್ಣಗಳನ್ನು ಇನ್ನಷ್ಟು ಏರಿಸಿದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಫೋನನ್ನು ನಂಬಲಿಲ್ಲ. ಅದು ಶಬ್ದ. ಮಾತುಗಳನ್ನು ಹಿಡಿಯಲು ವೃತ್ತಿಪರರ ಉಪಕರಣಗಳನ್ನೇ ಬಳಸಿದರು. ಈ ವಿವರವನ್ನು ಮೊಬೈಲು ಚಿತ್ರಗಳ ಪ್ರಶಂಸಕರು ಸಾಮಾನ್ಯವಾಗಿ ಹೇಳುವುದಿಲ್ಲ.

ಬೇಕರ್ ಮೊದಲಿಗರೂ ಅಲ್ಲ. 2011ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದ ಕಿರುಚಿತ್ರ ವಿಭಾಗದ ಸ್ವರ್ಣಕರಡಿ ಪ್ರಶಸ್ತಿ ಪಡೆದ 'ನೈಟ್ ಫಿಶಿಂಗ್' ಎಂಬ ಕೊರಿಯಾದ ಅರ್ಧಗಂಟೆಯ ಚಿತ್ರವನ್ನು ಪಾರ್ಕ್ ಚಾನ್-ವುಕ್ ಮತ್ತು ಅವರ ತಮ್ಮ ಐಫೋನ್ 4ರಲ್ಲಿ ತೆಗೆದಿದ್ದರು. ಸ್ವೀಡನ್ನಿನ ಮಾಲಿಕ್ ಬೆಂಜಲೂಲ್ ಅವರದು ಇನ್ನೂ ಸ್ವಾರಸ್ಯವಾದ ಪ್ರಸಂಗ. 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' ಎಂಬ ಸಾಕ್ಷ್ಯಚಿತ್ರವನ್ನು ಹಳೆಯ ಕಾಲದ ಸೂಪರ್ 8 ಸುರುಳಿಯಲ್ಲಿ ತೆಗೆಯುತ್ತಿದ್ದಾಗ ಹಣ ಮುಗಿಯಿತು. ಅದೇ ಬಗೆಯ ಮಾಸಲು ಚಿತ್ರ ಕೊಡುವ, ಒಂದೆರಡು ಡಾಲರಿನ ತಂತ್ರಾಂಶವನ್ನು ಫೋನಿಗೆ ಹಾಕಿಕೊಂಡು ಉಳಿದ ತುಣುಕುಗಳನ್ನು ಮುಗಿಸಿದರು. 2013ರಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂತು.

ಹಾಗೆಂದು 'ಮೊಬೈಲಿನಲ್ಲಿ ತೆಗೆದದ್ದು' ಎಂಬ ಪ್ರತಿಯೊಂದು ಘೋಷಣೆಯನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. 2025ರಲ್ಲಿ ತೆರೆಕಂಡ ಡ್ಯಾನಿ ಬಾಯ್ಲ್ ಅವರ '28 ಇಯರ್ಸ್ ಲೇಟರ್' ಚಿತ್ರದಲ್ಲೂ ಐಫೋನುಗಳನ್ನು ಬಳಸಿದರು. ಕೆಲವು ದೃಶ್ಯಗಳಿಗೆ 20 ಫೋನುಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದರು. ಅದರ ವೆಚ್ಚವಾದರೋ ಕೋಟಿಗಟ್ಟಲೆ ಡಾಲರು. ವಿಶಾಲ್ ಭಾರದ್ವಾಜರ 'ಫುರ್ಸತ್' (2023) ಕೂಡ ಫೋನಿನಲ್ಲಿ ತೆಗೆದ ಅರ್ಧಗಂಟೆಯ ಸೊಗಸಾದ ಚಿತ್ರವೇ. ಆದರೆ ಅದರ ಹಿಂದೆ ನೃತ್ಯ, ಸಂಗೀತ, ಕಲಾನಿರ್ದೇಶನಗಳ ದೊಡ್ಡ ಮೇಳವೇ ಇದೆ. ಜಾಹೀರಾತನ್ನು ನೋಡಿ ಫೋನು ಕೊಂಡ ತರುಣನಿಗೆ ಆ ಮೇಳ ಪೆಟ್ಟಿಗೆಯೊಳಗೆ ಬರುವುದಿಲ್ಲ.

ಹಾಗಾದರೆ ಅವನ ಕೈಯಲ್ಲಿ ಉಳಿಯುವುದೇನು?

ಪುಟ್ಟ ಕಣ್ಣಿನ ಸ್ವಭಾವ

ಮೊಬೈಲಿನ ಕಣ್ಣು ಕಡಲೆಕಾಳಿನ ಗಾತ್ರದ್ದು. ಅದರ ಹಿಂದೆ ಬೆಳಕನ್ನು ಹೀರುವ ಫಲಕವೂ ಅಷ್ಟೇ ಕಿರಿದು. ಇದರಿಂದ ಎರಡು ಫಲಗಳುಂಟು. ಕತ್ತಲಲ್ಲಿ ಅದು ತಡವರಿಸುತ್ತದೆ, ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುತ್ತದೆ. ಬೆಳಕಿದ್ದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ಈ ಎರಡನೆಯದನ್ನು ಹೊಸಬರು ದೋಷವೆಂದೇ ಎಣಿಸಿ, ಹಿನ್ನೆಲೆಯನ್ನು ಕೃತಕವಾಗಿ ಮಸುಕುಗೊಳಿಸುವ ಯಂತ್ರತಂತ್ರಕ್ಕೆ ಮೊರೆಹೋಗುತ್ತಾರೆ. ಕೂದಲಿನ ಅಂಚು ಕತ್ತರಿಸಿದಂತಾಗಿ ಮುಖ ಕಾಗದದ ಬೊಂಬೆಯಾಗುತ್ತದೆ. ಅದರ ಬದಲು ಆ ಸ್ಪಷ್ಟತೆಯನ್ನೇ ದುಡಿಸಿಕೊಳ್ಳಬಹುದು. ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿರುವ ತಾಯಿ ಮುಂದೆ. ಅವಳ ಹಿಂದೆ ತೆರೆದ ಬಾಗಿಲು. ಬಾಗಿಲಿನಾಚೆ ಜಗಲಿಯಲ್ಲಿ ಪೆಟ್ಟಿಗೆ ಹಿಡಿದು ನಿಂತ ಮಗ. ಒಂದೇ ಚೌಕಟ್ಟಿನಲ್ಲಿ ಎರಡು ಮನಸ್ಸುಗಳು. ಸಂಕಲನಕಾರನ ಕತ್ತರಿಗೆ ಅಲ್ಲಿ ಕೆಲಸವೇ ಇಲ್ಲ.

ಈ ಪುಟ್ಟ ಕಣ್ಣಿಗೆ ಒಂದು ಚಪಲವೂ ಇದೆ. ತಾನೇ ಬೆಳಕನ್ನು ಅಳೆಯುತ್ತದೆ, ತಾನೇ ಬದಲಿಸುತ್ತದೆ. ನಟ ಕಿಟಕಿಯ ಮುಂದೆ ಹಾದುಹೋದರೆ ಗೋಡೆಯೆಲ್ಲ ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ನೋಡುವವನಿಗೆ ಆ ಕ್ಷಣದಲ್ಲಿ ಕಥೆ ಮರೆತು ಯಂತ್ರ ನೆನಪಾಗುತ್ತದೆ. ಪರಿಹಾರ ಸುಲಭ: ತೆರೆಯ ಮೇಲೆ ನಟನ ಮುಖವಿರುವ ಕಡೆ ಬೆರಳನ್ನು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಬೆಳಕೂ ನಾಭಿಯೂ ಅಲ್ಲಿಯೇ ಬೀಗ ಹಾಕಿದಂತೆ ನಿಲ್ಲುತ್ತವೆ. ಎರಡು ಬೆರಳಿನಿಂದ ಹಿಗ್ಗಿಸಿ ದೂರದ್ದನ್ನು ಹತ್ತಿರ ತರುವ ಅಭ್ಯಾಸವನ್ನಂತೂ ಬಿಡಲೇಬೇಕು. ಅಲ್ಲಿ ಹತ್ತಿರ ಬರುವುದು ವಸ್ತುವಲ್ಲ; ಚಿತ್ರವನ್ನು ಕತ್ತರಿಸಿ ಹಿಗ್ಗಿಸಲಾಗುತ್ತದೆ, ಅಷ್ಟೆ. ಕಾಲುಗಳಿರುವುದೇ ಹತ್ತಿರ ಹೋಗುವುದಕ್ಕೆ. ಮತ್ತು ಎಲ್ಲಕ್ಕಿಂತ ಮೊದಲು, ಕರವಸ್ತ್ರದಿಂದ ಆ ಕಣ್ಣನ್ನು ಒಮ್ಮೆ ಒರಸಬೇಕು. ದಿನವೆಲ್ಲ ಬೆರಳು ತಾಗಿ ಎಣ್ಣೆ ಹತ್ತಿದ ಮಸೂರದಿಂದ ತೆಗೆದ ಮಬ್ಬನ್ನು ಕಲೆಯೆಂದು ಸಮರ್ಥಿಸಿಕೊಳ್ಳುವವರೂ ಇದ್ದಾರೆ.

ಇನ್ನೊಂದು ತೊಡಕು ನಮ್ಮ ದೇಶದ ವಿದ್ಯುತ್ತಿನದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗಿ ಉರಿಯುತ್ತವೆ. ಬರಿಗಣ್ಣಿಗೆ ತಿಳಿಯದ ಈ ಮಿಡಿತ ಫೋನಿಗೆ ತಿಳಿಯುತ್ತದೆ. ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಫೋನಿನ ಷಟರು ಪ್ರತಿ ಚೌಕಟ್ಟಿಗೂ ಸೆಕೆಂಡಿನ 50ನೆಯ ಒಂದು ಅಥವಾ 100ನೆಯ ಒಂದು ಭಾಗದಷ್ಟು ಕಾಲ ತೆರೆಯುವಂತೆ ಗೊತ್ತುಮಾಡಿ, ಸೆಕೆಂಡಿಗೆ 25 ಚೌಕಟ್ಟುಗಳಂತೆ ಚಿತ್ರ ತೆಗೆದರೆ ಪಟ್ಟಿಗಳು ಮಾಯವಾಗುತ್ತವೆ. ಆದರೆ ಇದೇ ಗೊತ್ತುಪಾಡಿನಲ್ಲಿ ನಡುಹಗಲಿನ ಬಿಸಿಲಿಗೆ ಹೋದರೆ ಚಿತ್ರ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬಹುಪಾಲು ಫೋನುಗಳ ಕಣ್ಣಿಗೆ ನಮ್ಮ ಕಣ್ಣಿನಂತೆ ಪಾಪೆಯನ್ನು ಕಿರಿದುಗೊಳಿಸುವ ಶಕ್ತಿಯಿಲ್ಲ. ವೃತ್ತಿಪರರು ಇದಕ್ಕೆ ಬೂದುಗಾಜಿನ ಶೋಧಕವನ್ನು ಬಳಸುತ್ತಾರೆ. ಅದಿಲ್ಲದವರು ತಂಪುಕನ್ನಡಕದ ಗಾಜನ್ನೇ ಮಸೂರಕ್ಕೆ ಅಡ್ಡ ಹಿಡಿದು ಕೆಲಸ ಸಾಗಿಸುತ್ತಾರೆ.

ಫೋನಿನ ಫಲಕ ಇಡೀ ಚಿತ್ರವನ್ನು ಒಂದೇ ಏಟಿಗೆ ಗ್ರಹಿಸುವುದಿಲ್ಲ. ಪುಸ್ತಕ ಓದುವವನಂತೆ ಸಾಲುಸಾಲಾಗಿ ಓದುತ್ತದೆ. ಚಲಿಸುವ ಬಸ್ಸಿನ ಕಿಟಕಿಯಿಂದ ತೆಗೆದ ದೀಪದ ಕಂಬಗಳು ಕುಡಿದವರಂತೆ ಓಲುವುದಕ್ಕೂ, ಫ್ಯಾನಿನ ರೆಕ್ಕೆಗಳು ಕುಡುಗೋಲಿನಂತೆ ಬಾಗುವುದಕ್ಕೂ ಇದೇ ಕಾರಣ. ಇದನ್ನು ತಪ್ಪಿಸಬೇಕಾದವರು ಫೋನನ್ನು ನಿಧಾನವಾಗಿ ತಿರುಗಿಸಬೇಕು. ಜ್ವರದ ಕನಸನ್ನು ತೋರಿಸಬೇಕಾದವರಿಗೆ ಆ ಬಾಗಿದ ಫ್ಯಾನು ಪುಕ್ಕಟೆಯಾಗಿ ದೊರೆತ ವಿಶೇಷ ದೃಶ್ಯ!

ಪಂಚೆಯ ಬೆಳಕು

1956ರಲ್ಲಿ ಸತ್ಯಜಿತ್ ರಾಯ್ ಅವರ 'ಅಪರಾಜಿತೋ' ಚಿತ್ರಕ್ಕಾಗಿ ಕಲ್ಕತ್ತೆಯ ಸ್ಟುಡಿಯೋ ಒಂದರಲ್ಲಿ ಕಾಶಿಯ ಮನೆಯ ಒಳಾಂಗಣವನ್ನು ನಿರ್ಮಿಸಬೇಕಾಯಿತು. ಅಂಥ ಮನೆಯಲ್ಲಿ ಬೆಳಕು ಬರುವುದು ಮೇಲಿನ ತೆರಪಿನಿಂದ. ಅದಕ್ಕೆ ದಿಕ್ಕೂ ಇಲ್ಲ, ಗಾಢವಾದ ನೆರಳೂ ಇಲ್ಲ. ಸ್ಟುಡಿಯೋದ ಉರಿದೀಪಗಳಿಂದ ಅದು ಸಾಧ್ಯವಿರಲಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿಸಿ, ಕೆಳಗಿನಿಂದ ದೀಪಗಳನ್ನು ಅದರತ್ತ ಹಾಯಿಸಿ, ಮರಳಿ ಇಳಿದ ಮೆತ್ತನೆಯ ಬೆಳಕಿನಲ್ಲಿ ಚಿತ್ರ ತೆಗೆದರು. ನೋಡಿದವರು ಅದನ್ನು ನಿಜವಾದ ಕಾಶಿಯ ಹಗಲೆಂದೇ ನಂಬಿದರು.

ಮೊಬೈಲು ಹಿಡಿದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಸಿಗಲಾರದು. ಅವನ ಯಂತ್ರಕ್ಕೆ ಅತಿ ಬೆಳಕೂ ಆಗದು, ಅತಿ ಕತ್ತಲೂ ಆಗದು. ಬೇಕಾದದ್ದು ಹದವಾದ ಬೆಳಕು. ಕಿಟಕಿಯ ಪಕ್ಕದಲ್ಲಿ ನಟನನ್ನು ಕೂರಿಸಿ, ಮುಖದ ನೆರಳಿನ ಕಡೆ ಒಗೆದ ಬಿಳಿಯ ಪಂಚೆಯೊಂದನ್ನು ಹಗ್ಗಕ್ಕೆ ಹಾಕಿದರೆ ಆ ಅರ್ಧ ಮುಖಕ್ಕೂ ಬೆಳಕು ಬರುತ್ತದೆ. ಕಪ್ಪು ಕಂಬಳಿ ಹಾಕಿದರೆ ನೆರಳು ಇನ್ನೂ ಆಳವಾಗುತ್ತದೆ. ಪಂಚೆಯೋ ಕಂಬಳಿಯೋ ಎಂಬುದು ಪಾತ್ರದ ಮನಃಸ್ಥಿತಿಯನ್ನು ಅವಲಂಬಿಸಿದ್ದು. ಬಿಸಿಲಿನಲ್ಲಿ ತೆಗೆಯಬೇಕಾದರೆ ಮುಂಜಾನೆಯ ಮೊದಲ ಗಂಟೆ ಅಥವಾ ಸಂಜೆಯ ಕೊನೆಯ ಗಂಟೆ ಒಳ್ಳೆಯದು. ಮಳೆಗಾಲದ ಮೋಡ ಕವಿದ ಮಲೆನಾಡಿನಲ್ಲಿ ಈ ಚಿಂತೆಯೂ ಇಲ್ಲ. ಅಲ್ಲಿ ಆಕಾಶವೇ ಮಿತ್ರರ ಬಟ್ಟೆ.

ಚಲನೆಯ ವಿಷಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 1960ರಲ್ಲಿ ತೆರೆಕಂಡ ಗೋದಾರ್ ಅವರ 'ಬ್ರೆತ್‌ಲೆಸ್' ಚಿತ್ರಕ್ಕಾಗಿ ಛಾಯಾಗ್ರಾಹಕ ರೌಲ್ ಕುತಾರ್ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದರು. ಗಾಲಿಕುರ್ಚಿ, ಸೈಕಲ್ಲು, ತೊಟ್ಟಿಲು, ತರಕಾರಿಯ ತಳ್ಳುಗಾಡಿ ಎಲ್ಲವೂ ಒದಗುತ್ತವೆ. ಆದರೆ ಮೊಬೈಲಿನ ನಿಜವಾದ ಸೌಲಭ್ಯ ಚಲಿಸುವುದರಲ್ಲಿಲ್ಲ, ನುಸುಳುವುದರಲ್ಲಿದೆ. ಅಕ್ಕಿಯ ಡಬ್ಬಿಯ ತಳದಲ್ಲಿಟ್ಟರೆ, ಖಾಲಿಯಾಗುತ್ತಿರುವ ಅಕ್ಕಿಯನ್ನು ಗೋರುವ ಗೃಹಿಣಿಯ ಮುಖ ಕಾಣುತ್ತದೆ. ಬಾವಿಯ ಬಿಂದಿಗೆಗೆ ಕಟ್ಟಿ ಇಳಿಬಿಟ್ಟರೆ ಆಕಾಶ ಒಂದು ಬೆಳ್ಳಿಯ ನಾಣ್ಯವಾಗುತ್ತದೆ. (ಗಂಟು ಭದ್ರವಾಗಿರಲಿ!) ಹಿಂದೆ ಇಂಥ ಒಂದು ನೋಟಕ್ಕಾಗಿ ಗೋಡೆ ಒಡೆಯಬೇಕಾಗಿತ್ತು.

ಕಿವಿಯ ಪಾಡು

ಹವ್ಯಾಸಿಗಳ ಕಿರುಚಿತ್ರಗಳು ಬಹುಮಟ್ಟಿಗೆ ಸೋಲುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ. ಮಸುಕಾದ ಚಿತ್ರವನ್ನು ಪ್ರೇಕ್ಷಕ ಕ್ಷಮಿಸುತ್ತಾನೆ. ಕೇಳದ ಮಾತನ್ನು ಕ್ಷಮಿಸುವುದಿಲ್ಲ. ಹತ್ತು ಅಡಿ ದೂರದಲ್ಲಿರುವ ಫೋನು ನಟಿಯ ಪಿಸುಮಾತಿಗಿಂತ ಪಕ್ಕದ ಮನೆಯ ಮಿಕ್ಸಿಯನ್ನೇ ಪ್ರೀತಿಯಿಂದ ಕೇಳಿಸಿಕೊಳ್ಳುತ್ತದೆ.

ಇದಕ್ಕೆ ಖರ್ಚಿಲ್ಲದ ಉಪಾಯವೆಂದರೆ ಎರಡನೆಯ ಫೋನು. ಗೆಳೆಯನೊಬ್ಬನ ಫೋನನ್ನು ಎರವಲು ಪಡೆದು, ಕರೆಗಳು ಬಾರದಂತೆ ಮಾಡಿ, ಶಬ್ದಗ್ರಹಣಕ್ಕಿಟ್ಟು ನಟನ ಅಂಗಿಯ ಮೇಲುಜೇಬಿನಲ್ಲಿ ಇರಿಸಬೇಕು. ಎರಡೂ ಯಂತ್ರಗಳು ನಡೆಯತೊಡಗಿದ ಮೇಲೆ ಚೌಕಟ್ಟಿನೊಳಗೆ ಒಮ್ಮೆ ಚಪ್ಪಾಳೆ ತಟ್ಟಬೇಕು. ಸಂಕಲನದ ವೇಳೆ ಕೈಗಳು ಕೂಡುವ ಚಿತ್ರಕ್ಕೆ ಚಪ್ಪಾಳೆಯ ಸದ್ದನ್ನು ಹೊಂದಿಸಿದರೆ ಉಳಿದ ಮಾತೆಲ್ಲ ತುಟಿಗಳಿಗೆ ತಾನೇ ಹೊಂದಿಕೊಳ್ಳುತ್ತದೆ. ಸಿನಿಮಾದವರ ಕಪ್ಪು ಹಲಗೆಯ 'ಕ್ಲ್ಯಾಪ್' ಮಾಡುವುದೂ ಇದನ್ನೇ. ದೃಶ್ಯ ಮುಗಿದ ಬಳಿಕ ಯಾರೂ ಮಾತನಾಡದೆ ಅರ್ಧ ನಿಮಿಷ ಆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಬೇಕು. ಪ್ರತಿ ಕೋಣೆಗೂ ಅದರದೇ ಮೌನವಿರುತ್ತದೆ. ಮಾತುಗಳ ನಡುವಣ ತೇಪೆಗೆ ಅದೇ ಬೇಕು. ಫ್ಯಾನು ನಿಲ್ಲಿಸಬೇಕು, ಫ್ರಿಜ್ಜು ಆರಿಸಬೇಕು. (ಆರಿಸಿದ ಫ್ರಿಜ್ಜಿನೊಳಗೆ ಮನೆಯ ಕೀಲಿಕೈ ಇಟ್ಟರೆ, ಹೊರಡುವಾಗ ಅದನ್ನು ಮತ್ತೆ ಹಾಕಲು ಮರೆಯುವಂತಿಲ್ಲ.) ಇನ್ನುಳಿದ ಸದ್ದುಗಳನ್ನು ಹಳೆಯ ರೇಡಿಯೋ ನಾಟಕದವರಂತೆ ಮನೆಯಲ್ಲಿಯೇ ಹುಟ್ಟಿಸಬಹುದು. ಬಾಣಲೆಯಲ್ಲಿ ಸಿಡಿಯುವ ಎಣ್ಣೆಯನ್ನು ಕಣ್ಣು ಮುಚ್ಚಿ ಕೇಳಿದರೆ ಅದು ಹೆಂಚಿನ ಮೇಲಿನ ಮಳೆ.

ಒಂದು ನಿಮಿಷದ ಕಥೆ

1895ರಲ್ಲಿ ಲೂಮಿಯೇರ್ ಸೋದರರ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುದು ಸುಮಾರು 17 ಮೀಟರು ಸುರುಳಿ, ಅಂದರೆ ಐವತ್ತು ಸೆಕೆಂಡಿನಷ್ಟು ಚಿತ್ರ. ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಮಗುವಿಗೆ ಉಣಿಸುವ ತಂದೆತಾಯಿ, ತೋಟಗಾರನ ನೀರಿನ ಕೊಳವೆಯನ್ನು ತುಳಿಯುವ ತುಂಟ ಹುಡುಗ. ಇಂದಿನ ಫೋನಿಗೆ ಆ ಕಟ್ಟಿಲ್ಲ; ಗಂಟೆಗಟ್ಟಲೆ ತೆಗೆಯಬಹುದು. ಆ ಕಾರಣದಿಂದಲೇ ಯಾವಾಗ ನಿಲ್ಲಿಸಬೇಕೆಂಬುದು ಅನೇಕರಿಗೆ ತಿಳಿಯದು. ಫೋನನ್ನು ಒಂದೇ ಕಡೆ ಅಲುಗದಂತೆ ನಿಲ್ಲಿಸಿ, ಐವತ್ತು ಸೆಕೆಂಡಿನೊಳಗೆ ಆರಂಭವೂ ಮುಕ್ತಾಯವೂ ಉಳ್ಳ ಒಂದು ಘಟನೆಯನ್ನು ಹಿಡಿಯುವ ಅಭ್ಯಾಸವನ್ನು ತಿಂಗಳ ಕಾಲ ಮಾಡಿದವನಿಗೆ ಬೇರೆ ಗುರುವಿನ ಅಗತ್ಯ ಕಡಿಮೆ.

ಕಿರುಚಿತ್ರವೆಂದರೆ ದೊಡ್ಡ ಚಿತ್ರವನ್ನು ಬಿಸಿನೀರಿಗೆ ಹಾಕಿ ಕುಗ್ಗಿಸಿದ್ದಲ್ಲ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ, ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಚಿತ್ರ 16 ನಿಮಿಷದ್ದು. ಅದನ್ನು ಮೊಬೈಲಿನಲ್ಲಿ ತೆಗೆದದ್ದಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದಾಗ ನಾಲ್ಕು ದಿನಗಳಲ್ಲಿ ತೆಗೆದದ್ದು. ಆದರೆ ಅದರ ಕಥಾವಸ್ತುವನ್ನು ನೋಡಿ: ಮುದುಕಿಯೊಬ್ಬಳು ಊರಿನ ಕೋಳಿಹುಂಜವನ್ನು ಕದ್ದುಕೊಂಡು ಹೋಗುತ್ತಾಳೆ, ಊರಿಗೆ ಬೆಳಗಾಗುವುದೇ ಇಲ್ಲ. ಅಜ್ಜಿಯರ ಬಾಯಲ್ಲಿದ್ದ ಒಂದು ಜನಪದ ಕಥೆ, ಒಂದು ರಾತ್ರಿ, ಒಂದು ಹುಂಜ.

ಕೇಳದೆ ತೆಗೆಯುವುದು

ಫೋನು ಯಾರ ಕಣ್ಣಿಗೂ ಬೀಳದೆ ಚಿತ್ರ ತೆಗೆಯಬಲ್ಲುದೆಂಬ ಗುಣಕ್ಕೆ ಒಂದು ಕರಾಳ ಮುಖವೂ ಇದೆ. ಸಂತೆಯಲ್ಲಿ ಅಳುತ್ತ ಕುಳಿತ ಮುದುಕಿ, ಆಸ್ಪತ್ರೆಯ ಜಗಲಿಯಲ್ಲಿ ಮಲಗಿದ ರೋಗಿ, ಕುಡಿದು ಬಿದ್ದ ಕೂಲಿಯವನು ಇಂದು ತಮಗೆ ತಿಳಿಯದಂತೆಯೇ ಯಾರದೋ 'ವಾಸ್ತವ ಚಿತ್ರ'ದ ಪಾತ್ರಗಳಾಗುತ್ತಿದ್ದಾರೆ. ಮುಖ ಅವರದು, ಕೀರ್ತಿ ತೆಗೆದವನದು. ಟ್ಯಾಂಜರೀನ್ ಚಿತ್ರದ ಗೆಳತಿಯರು ಕದ್ದು ತೆಗೆಯಲ್ಪಟ್ಟವರಲ್ಲ. ಷರತ್ತು ಹಾಕಿ, ಕಥೆ ಹೇಳಿ, ನಟಿಸಿದವರು. ಎರಡು ಬಗೆಯ ಚಿತ್ರಗಳೂ ಒಂದೇ ಬಗೆಯ ಫೋನಿನಿಂದ ಹುಟ್ಟುತ್ತವೆ.

ಆದರೆ ಅದೇ ಗುಣ ಒಮ್ಮೊಮ್ಮೆ ಬೇರೊಂದು ಕೆಲಸಕ್ಕೆ ಬರುತ್ತದೆ. 2010ರ ಡಿಸೆಂಬರಿನಲ್ಲಿ ಇರಾನಿನ ನಿರ್ದೇಶಕ ಜಾಫರ್ ಪನಾಹಿ ಅವರಿಗೆ ನ್ಯಾಯಾಲಯ ಆರು ವರ್ಷಗಳ ಸೆರೆಮನೆಯನ್ನೂ, ಇಪ್ಪತ್ತು ವರ್ಷ ಚಿತ್ರ ತೆಗೆಯಕೂಡದೆಂಬ ನಿಷೇಧವನ್ನೂ ವಿಧಿಸಿತು. ಮೇಲ್ಮನವಿಯ ತೀರ್ಪನ್ನು ಕಾಯುತ್ತ ತೆಹರಾನಿನ ಮನೆಯಲ್ಲಿದ್ದ ಅವರು ಮಿತ್ರ ಮೊಜ್ತಬಾ ಮಿರ್ತಹ್ಮಾಸ್ಬ್ ಅವರನ್ನು ಕರೆಸಿಕೊಂಡರು. ಮಿತ್ರರ ಕೈಯಲ್ಲಿ ಸಣ್ಣ ಕ್ಯಾಮೆರಾ, ಪನಾಹಿ ಅವರ ಕೈಯಲ್ಲಿ ಫೋನು. ತಾವು ತೆಗೆಯಬೇಕೆಂದಿದ್ದ, ಅನುಮತಿ ದೊರೆಯದ ಚಿತ್ರದ ಕಥೆಯನ್ನು ಪನಾಹಿ ಓದಿ ಹೇಳುತ್ತಾರೆ. ಅಂಟುಪಟ್ಟಿಯಿಂದ ನೆಲಗಂಬಳಿಯ ಮೇಲೆ ಗೆರೆ ಎಳೆದು, ಇದು ಹುಡುಗಿಯ ಕೋಣೆ, ಇದು ಕಿಟಕಿ ಎಂದು ತೋರಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಮಾತು ತಡೆದು ನಿಲ್ಲುತ್ತದೆ. ಚಿತ್ರವನ್ನು ಬಾಯಲ್ಲಿ ಹೇಳಿ ಮುಗಿಸುವ ಹಾಗಿದ್ದರೆ ತೆಗೆಯುವುದಾದರೂ ಏಕೆ ಎಂಬ ಸಂಕಟ ಅವರದು. ಮಿತ್ರರಿಬ್ಬರೂ ಒಬ್ಬರನ್ನೊಬ್ಬರು ಚಿತ್ರಿಸಿಕೊಳ್ಳುತ್ತಾರೆ. ಹೊರಗೆ ಹೊಸವರ್ಷಕ್ಕೆ ಮುನ್ನಿನ ಹಬ್ಬದ ಪಟಾಕಿಗಳು ಸಿಡಿಯುತ್ತಿವೆ; ಆ ಸದ್ದು ಗುಂಡಿನ ಸದ್ದಿನಂತೆ ಕೇಳಿಸುತ್ತದೆ.

ಆ ಚಿತ್ರಕ್ಕೆ ಅವರಿಟ್ಟ ಹೆಸರು 'ಇದು ಚಿತ್ರವಲ್ಲ'. ಬೆರಳಿನ ಗಾತ್ರದ ಸಂಗ್ರಹಕಡ್ಡಿಯೊಂದರಲ್ಲಿ ತುಂಬಿ, ಕೇಕಿನೊಳಗೆ ಅಡಗಿಸಿ ದೇಶದಿಂದ ಹೊರಗೆ ಸಾಗಿಸಿದರೆಂಬ ಸುದ್ದಿ ಪ್ರಸಿದ್ಧವಾಗಿದೆ. 2011ರ ಮೇ ತಿಂಗಳಲ್ಲಿ ಅದು ಕಾನ್ ಉತ್ಸವದ ತೆರೆಯ ಮೇಲೆ ಮೂಡಿತು. ಪನಾಹಿ ಆಗ ತೆಹರಾನಿನಲ್ಲಿಯೇ ಇದ್ದರು.